ಕಾಲು ನೋಡಿ ಓಗೊಡು

ನಿಕೊಲಾಸಾಳ ಮಗ ಸತ್ತಿಲ್ಲ ಎಂದು ಕಂಪನಿ ಹೇಳಿತು. ಸತ್ತಿಲ್ಲ ಎಂದು ನಿಕೊಲಾಸಾಳೂ ಹೇಳುತ್ತಿದ್ದಳು. ಮಾತು ಒಂದೇ. ಕಂಪನಿ ಹೇಳಿದ್ದು ಕೈ ತೊಳೆದುಕೊಳ್ಳಲು. ಅವಳು ಹೇಳಿದ್ದು ಹೆತ್ತ ಹೊಟ್ಟೆ ಕೇಳದೆ.

ನಡೆದದ್ದು ಊರಿಗೆಲ್ಲ ಗೊತ್ತಿತ್ತು. ತಿಂಬಿರಿ ಹೊಳೆ ಸಮುದ್ರ ಸೇರುವ ಕಡೆ ಕಂಪನಿ ಹಡಗು ನಿಲ್ಲುವ ಧಕ್ಕೆ ಕಟ್ಟುತ್ತಿತ್ತು. ನೀರಿನೊಳಕ್ಕೆ ಬಾವಿಯಷ್ಟು ಅಗಲದ ಕಬ್ಬಿಣದ ಕೊಳವೆ ಇಳಿಸುವುದು, ಅದರ ಹೊಟ್ಟೆಗೆ ಕಾಂಕ್ರೀಟು ಸುರಿಯುವುದು. ಕೊಳವೆಯ ಬಾಯಲ್ಲಿ ನೇತಾಡುತ್ತ ಕೆಸರು ಬಾಚುವ ಕೆಲಸ ಊರಿನ ಕರಿಯ ಹುಡುಗರದ್ದು. ನೆರಳಲ್ಲಿ ನಿಂತು ಕೈ ತೋರಿಸುವ ಕೆಲಸ ಒಳನಾಡಿನಿಂದ ಬಂದ ಬಿಳಿಯರದ್ದು. ಕೊನೆಯ ಕಂಬದ ದಿನ ಹಗ್ಗ ಹರಿಯಿತು. ನಿಕೊಲಾಸಾಳ ಮಗ ಎವೆಲಿಯೊ ಕೊಳವೆಯೊಳಕ್ಕೆ ಬಿದ್ದ. ಕೂಗಿದ. ಮೇಲಿದ್ದವರೂ ಕೂಗಿದರು. ಕಾಂಕ್ರೀಟಿನ ಯಂತ್ರ ನಿಲ್ಲಲಿಲ್ಲ. ನಡುವೆ ನಿಲ್ಲಿಸಿದರೆ ಕಂಬ ಕೆಟ್ಟುಹೋಗುತ್ತದೆ ಎಂದು ಮೇಸ್ತ್ರಿ ಅಂದನಂತೆ. ಕಂಬ ಕೆಡಲಿಲ್ಲ.

ಕಣ್ಣಾರೆ ಕಂಡ ಹುಡುಗರನ್ನೆಲ್ಲ ಮಾರನೆಯ ದಿನವೇ ದೋಣಿ ಹತ್ತಿಸಿ ಬೇರೆ ಎಲ್ಲಿಗೋ ಕೆಲಸಕ್ಕೆ ಸಾಗಿಸಿದರು. ಹೊರಡುವ ಮುಂಚೆ ಅವರಲ್ಲೊಬ್ಬ ಮರದ ಕಾಲುಗಳ ಮೇಲೆ ನಿಂತ ನಿಕೊಲಾಸಾಳ ಮನೆಯ ಏಣಿಯ ಕೆಳಗೆ ಬಂದು ನಿಂತ. ತಲೆ ಎತ್ತಲಿಲ್ಲ. “ಕೊನೇ ಕಂಬ, ಅತ್ತೆ” ಎಂದಷ್ಟೇ ಹೇಳಿ ಹೋದ.

ಅವಳು ಪೊಲೀಸ್ ಠಾಣೆಗೆ ಹೋದಳು. ಅಲ್ಲಿ ಕುರ್ಚಿಯಲ್ಲಿದ್ದವನು ಹೆಣ ಎಲ್ಲಿ ಎಂದು ಕೇಳಿದ. ಮಗ ಕಂಬದೊಳಗಿದ್ದಾನೆ ಎಂದಳು. ಅವನು ಬಾಳೆಕಾಯಿ ಚಿಪ್ಸು ತಿನ್ನುತ್ತಿದ್ದ. ತಿನ್ನುವುದನ್ನು ಬಿಡದೆ ಹೇಳಿದ, “ಒಬ್ಬ ಹುಡುಗನಿಗೋಸ್ಕರ ಧಕ್ಕೆ ಒಡೆಸ್ಲಾ? ಯಾವಳನ್ನೋ ಹಾರಿಸಿಕೊಂಡು ಹೋಗಿರ್ತಾನೆ, ಬರ್ತಾನೆ ಬಿಡು. ಹೆಣ ತೋರಿಸು, ಆಮೇಲೆ ಬರ್ಕೋತೀನಿ.”

ಹೆಣ ಇಲ್ಲದಿದ್ದರೆ ಠಾಣೆಯಲ್ಲಿ ಏನೂ ನಡೆಯುವುದಿಲ್ಲ. ಊರಲ್ಲೂ ನಡೆಯುವುದಿಲ್ಲ. ಅದೇ ಅವಳ ಕಷ್ಟ.

ತಿಂಬಿರಿಯಲ್ಲಿ ಯಾರಾದರೂ ಸತ್ತರೆ ಮನೆಯಲ್ಲಿ ಬಿಳಿ ಬಟ್ಟೆ ಹೊದಿಸಿದ ಮೆಟ್ಟಿಲು ಮಂಟಪ ಕಟ್ಟುತ್ತಾರೆ. ಅದರ ನೆತ್ತಿಗೆ ಕಪ್ಪು ಬಟ್ಟೆಯ ಚಿಟ್ಟೆ. ಒಂಬತ್ತು ರಾತ್ರಿ ಹೆಂಗಸರು ಅದರ ಮುಂದೆ ಕೂತು ಅಲಬಾವೊ ಎಂಬ ಸಾವಿನ ಹಾಡು ಹಾಡುತ್ತಾರೆ. ಡೋಲಿಲ್ಲ, ತಾಳವಿಲ್ಲ, ಬರೀ ಗಂಟಲು. ಒಬ್ಬಳು ಎತ್ತುತ್ತಾಳೆ, ಉಳಿದವರು ಓಗೊಡುತ್ತಾರೆ. ಕೊನೆಯ ರಾತ್ರಿ ದೀಪ ಆರಿಸಿ, ಬಾಗಿಲಿನ ದಾರಿ ಬಿಟ್ಟು, ಮಂಟಪ ಬಿಚ್ಚುತ್ತಾರೆ. ಆ ಕತ್ತಲಲ್ಲಿ ಸತ್ತವನು ಎದ್ದು ತನ್ನ ದಾರಿ ಹಿಡಿಯುತ್ತಾನೆ. ಅಲ್ಲಿವರೆಗೆ ಅವನು ಎಲ್ಲೂ ಹೋಗಿರುವುದಿಲ್ಲ.

ಸಾವಿಲ್ಲದ ಕಡೆ ಅಲಬಾವೊ ಎತ್ತುವ ಹಾಗಿಲ್ಲ. ಎತ್ತಿದರೆ ಸಾವು ಹಾಡು ಕೇಳಿಸಿಕೊಂಡು ಬಾಗಿಲಿಗೆ ಬರುತ್ತದೆ. ಹೆಣ ಹುಡುಕುತ್ತದೆ. ಇಲ್ಲದಿದ್ದರೆ ಒಂದನ್ನು ಮಾಡಿಕೊಂಡು ಹೋಗುತ್ತದೆ. ಒಲೆಯ ಮುಂದೆ ಗುನುಗಿದರೂ ಹುಡುಗಿಯರ ಬಾಯಿ ಮೇಲೆ ಏಟು ಬೀಳುತ್ತಿತ್ತು. ಇನ್ನೊಂದು ಕಟ್ಟು ಇತ್ತು. ಯಾರಾದರೂ ಎತ್ತಿದ ಅಲಬಾವೊ ಕಿವಿಗೆ ಬಿದ್ದರೆ ಓಗೊಡದೆ ಬಿಡಬಾರದು. ಬಿಟ್ಟರೆ ಸತ್ತವನ ಜೀವ ಹೊಸಿಲ ಮೇಲೆ ನಿಂತುಬಿಡುತ್ತದೆ, ಒಳಗೂ ಇಲ್ಲ, ಹೊರಗೂ ಇಲ್ಲ.

ಊರಲ್ಲಿ ಹಾಡು ಎತ್ತುವವಳು ನಿಕೊಲಾಸಾ. ಅವಳು ಎತ್ತದೆ ಊರಿನ ಯಾವ ಸತ್ತವನೂ ಹೋದದ್ದಿಲ್ಲ. ಅಂಥವಳು ಈಗ ಬಾಯಿ ಹೊಲಿದುಕೊಂಡಿದ್ದಳು. ಹಾಡಿದರೆ ಮಗ ತನ್ನ ಬಾಯಿಂದಲೇ ಸತ್ತ ಹಾಗೆ. ಹಾಡದಿದ್ದರೆ ಅವನಿಗೆ ದಾರಿಯಿಲ್ಲ.

ಅವಳು ಕೆಸರಿನ ಹೆಂಗಸು. ತಿಂಬಿರಿಯ ಹೆಂಗಸರೆಲ್ಲ ಕೆಸರಿನವರೇ. ನೀರು ಇಳಿಯುತ್ತಲೇ ಪಾತಿದೋಣಿ ಹತ್ತಿ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡಿಗೆ ಹೋಗುತ್ತಾರೆ. ತೊಡೆ ಮುಳುಗುವಷ್ಟು ಕೆಸರಿಗೆ ಇಳಿಯುತ್ತಾರೆ. ಬೇರುಗಳ ಸಂದಿಗೆ ತೋಳು ತೂರಿಸಿ ಕಪ್ಪೆಚಿಪ್ಪು ಹುಡುಕುತ್ತಾರೆ. ಅಲ್ಲಿ ಬೆರಳೇ ಕಣ್ಣು. ಅದೇ ಸಂದಿಯಲ್ಲಿ ವಿಷದ ಮೀನೂ ಇರುತ್ತದೆ. ಅದು ಚುಚ್ಚಿದರೆ ಗಟ್ಟಿಮುಟ್ಟಾದ ಗಂಡಸೂ ನೆಲದ ಮೇಲೆ ಹೊರಳಾಡುತ್ತಾನೆ. ಸೊಳ್ಳೆ ಓಡಿಸಲು ತೆಂಗಿನ ಸಿಪ್ಪೆಯ ಹೊಗೆ ಹಾಕಿಕೊಂಡು, ಆ ಹೊಗೆಗೆ ತಾವೇ ಕೆಮ್ಮುತ್ತ, ನೀರು ಏರುವವರೆಗೆ ಬಗ್ಗಿದ ಬೆನ್ನು ಎತ್ತದೆ ದುಡಿಯುತ್ತಾರೆ. ನಿಕೊಲಾಸಾಳ ಪಾದ ನೋಡಿದರೆ ಇದೆಲ್ಲ ಗೊತ್ತಾಗುತ್ತಿತ್ತು. ಹಿಮ್ಮಡಿ ಒಡೆದು, ಬಿರುಕಿನಲ್ಲಿ ಕೆಸರು ಕೂತು, ಎಷ್ಟು ಉಜ್ಜಿದರೂ ಹೋಗದ ಕರೀ ಗೆರೆ. ಬಲಗಾಲಿನ ಹೆಬ್ಬೆರಳನ್ನು ಮೀನು ಚುಚ್ಚಿ, ಕೊಳೆತು, ಅರ್ಧವೇ ಉಳಿದಿತ್ತು.

ಎವೆಲಿಯೊ ಬೆಳೆದದ್ದು ಆ ಪಾತಿದೋಣಿಯಲ್ಲೇ. ಅವಳು ಕೆಸರಲ್ಲಿ, ಅವನು ದೋಣಿಯಲ್ಲಿ. ಕಣ್ಮರೆಯಾಗುವಷ್ಟು ದೂರ ಹೋಗಬೇಕಾದಾಗ ಅವನಿಗೆ ತುಂದಾಳ ಭಯ ಹಾಕಿ ಹೋಗುತ್ತಿದ್ದಳು. ತುಂದಾ ಕಾಂಡ್ಲಾ ಕಾಡಿನ ಪಿಶಾಚಿ. ಒಂಟಿ ಕಾಲಿನವಳು. ಆ ಕಾಲೂ ಕಾಲಲ್ಲ, ಮರದ ಕಡಗೋಲು. ಮಕ್ಕಳನ್ನು ಅವರವರ ತಾಯಿಯ ದನಿಯಲ್ಲೇ ಕರೆಯುತ್ತಾಳೆ. ಓಗೊಟ್ಟು ಹಿಂದೆ ಹೋದ ಮಗುವಿಗೆ ಮನೆಯ ನೆನಪೇ ಅಳಿಸಿಹೋಗುತ್ತದೆ.

“ನನ್ನ ದನಿ ಕೇಳಿಸ್ತು ಅಂತ ಓಗೊಟ್ಟುಬಿಡಬೇಡ ಮಗಾ. ಮೊದಲು ಕಾಲು ನೋಡು. ಅರ್ಧ ಹೆಬ್ಬೆಟ್ಟು ಕಂಡರೆ ನಾನು. ಆಗ ಓಗೊಡು.”

ಮೀಸೆ ಬಂದ ಮೇಲೂ ಅವನು ಈ ಆಟ ಬಿಡಲಿಲ್ಲ. ಊಟಕ್ಕೆ ಕರೆದರೆ ಬಗ್ಗಿ ಅವಳ ಕಾಲು ನೋಡುವನು. ಸರಿ, ಅವ್ವನೇ ಎಂದು ಬಂದು ತಟ್ಟೆಯ ಮುಂದೆ ಕೂರುವನು. ಆ ದಿನ ಬೆಳಿಗ್ಗೆಯೂ ಹಾಗೇ ಮಾಡಿ, ತೆಂಗಿನ ಹಾಲಿನ ಅನ್ನ ಉಂಡು ಕೆಲಸಕ್ಕೆ ಹೋಗಿದ್ದ.

ಧಕ್ಕೆ ಮುಗಿಯಿತು. ದೊಡ್ಡ ದೊಡ್ಡವರೆಲ್ಲ ಬರುವ ಉದ್ಘಾಟನೆಯ ಸುದ್ದಿ ಬಂತು. ಅದರ ಬೆನ್ನಿಗೆ ಕಮಿಲಾ ಬಂದಳು.

ಕಮಿಲಾ ರಾಜಧಾನಿ ಬೊಗೊಟಾದ ಹುಡುಗಿ. ಹಿಂದೆ ಓದುತ್ತಿದ್ದಾಗ ಹಾಡು ಸಂಗ್ರಹಿಸುತ್ತೇನೆಂದು ಬಂದು ತಿಂಬಿರಿಯಲ್ಲಿ ಉಳಿದಿದ್ದಳು. ಒಳ್ಳೆಯವಳು ಎಂದೇ ಎಲ್ಲರೂ ಅಂದುಕೊಂಡಿದ್ದರು. ಆಗಲೇ ನಿಕೊಲಾಸಾಳ ಗಂಡ ಕ್ಲಿಮಾಕೊ ತೀರಿಹೋಗಿದ್ದ. ಒಂಬತ್ತು ರಾತ್ರಿಯೂ ಕಮಿಲಾ ಹೆಂಗಸರ ನಡುವೆ ಕೂತಳು, ಅತ್ತಳು, ಅವರ ಜೊತೆ ಕಬ್ಬಿನ ಸಾರಾಯಿ ಕುಡಿದಳು. ಹಾಡನ್ನು ಯಂತ್ರದಲ್ಲಿ ಹಿಡಿದುಕೊಳ್ಳಲೇ ಎಂದು ಕೈಮುಗಿದು ಕೇಳಿದಳು. ಕಳೆದುಹೋಗಬಾರದಲ್ಲ ಅಮ್ಮ ಎಂದಳು. ಸಾವಿಲ್ಲದ ಮನೆಯಲ್ಲಿ ಅದನ್ನು ಬಿಚ್ಚಬೇಡ ಎಂದು ಹೆಂಗಸರು ಹೇಳಿದರು. ಅವಳು ತನ್ನ ತಾಯಿಯ ಮೇಲೆ ಆಣೆ ಮಾಡಿದಳು. ಈಗ ಅವಳು ಕಂಪನಿಯಲ್ಲಿ ಸಂಸ್ಕೃತಿ ವಿಭಾಗದ ಅಧಿಕಾರಿ.

ಹೆಂಗಸರು ಕೆಸರಲ್ಲಿದ್ದಾಗಲೇ ಅವಳು ಮೋಟಾರು ದೋಣಿಯಲ್ಲಿ ಬಂದಳು. ಕೆಳಗೆ ಇಳಿಯಲಿಲ್ಲ. ಮೇಲಿನಿಂದಲೇ ಮಾತಾಡಿದಳು. ಧಕ್ಕೆಯ ಮೇಲೆ ವೇದಿಕೆ ಹಾಕುತ್ತಾರೆ, ಅದರ ಮೇಲೆ ಮಂಟಪ ಕಟ್ಟುತ್ತಾರೆ, ನೀವು ಅಲಬಾವೊ ಹಾಡಬೇಕು ಎಂದಳು. ಸ್ವಲ್ಪ ಡೋಲು ಸೇರಿಸಿದರೆ ಚೆನ್ನಾಗಿರುತ್ತದೆ ಎಂದಳು. ನಿಕೊಲಾಸಾ ಬಗ್ಗಿದ ಬೆನ್ನು ಎತ್ತಲಿಲ್ಲ. ಅವಳ ಪಕ್ಕದಲ್ಲಿ ಸಿಲ್ವೆರಿಯಾ ಇದ್ದಳು. ಮಕ್ಕಳ ತಾಯಿ, ಗಂಡ ಬಿಟ್ಟವಳು, ಬಾಯಿ ಜೋರು.

“ಅಮ್ಮ, ಇದು ನಿಮ್ಮ ಪೂರ್ವಿಕರ ಆಸ್ತಿ,” ಎಂದಳು ಕಮಿಲಾ. “ಆಫ್ರಿಕಾದಿಂದ ಬಂದದ್ದು. ಜಗತ್ತು ಕೇಳಬೇಕು.”

“ಜಗತ್ತಿನ ಮನೇಲಿ ಯಾರು ಸತ್ತಿದಾರೆ ಮೇಡಮ್ಮ?” ಎಂದಳು ಸಿಲ್ವೆರಿಯಾ.

ಹೆಂಗಸರು ನಕ್ಕರು. ನಿಕೊಲಾಸಾ ನಗಲಿಲ್ಲ. ತನ್ನ ಮಗ ಎಲ್ಲಿದ್ದಾನೆ ಎಂದು ಕಮಿಲಾಳನ್ನು ಕೇಳಿದಳು. ಕಮಿಲಾಳಿಗೆ ಎವೆಲಿಯೊ ಗೊತ್ತಿತ್ತು. ಅವಳ ಯಂತ್ರದ ಪೆಟ್ಟಿಗೆಯನ್ನು ಊರೆಲ್ಲ ಹೊತ್ತು ತಿರುಗಿದವನೇ ಅವನು. ಅವಳ ಮುಖ ಕೆಂಪಾಯಿತು. ಆ ವಿಷಯ ನನ್ನ ವಿಭಾಗಕ್ಕೆ ಬರುವುದಿಲ್ಲ ಅಮ್ಮ ಎಂದಳು.

ಅವಳಿಂದ ಆಗದ್ದನ್ನು ಮಾಡಿಸಲು ಕಂಪನಿಯ ಯಜಮಾನನೇ ನಿಕೊಲಾಸಾಳ ಮನೆಗೆ ಬಂದ. ದೊನ್ ರೊದೋಲ್ಫೊ ಅರಿಸಾಬಾಲ್. ಇಸ್ತ್ರಿ ಮುರಿಯದ ಅಂಗಿ, ಬಿಳೀ ಪ್ಯಾಂಟು. ಎಲ್ಲರ ಕೈ ಕುಲುಕಿದ. ಕುಲುಕಿದ ಮೇಲೆ ಕರವಸ್ತ್ರದಲ್ಲಿ ಒರೆಸಿಕೊಂಡ. ನಿಕೊಲಾಸಾಳ ಪೂರ್ತಿ ಹೆಸರು ಕೇಳಿ ಬಲು ಖುಷಿಪಟ್ಟ.

“ನಿಮ್ಮ ಮನೆತನದ ಹೆಸರೂ ಅರಿಸಾಬಾಲ್, ನಮ್ಮದೂ ಅರಿಸಾಬಾಲ್. ನೋಡಿ, ನಾವೆಲ್ಲ ಒಂದೇ ಮನೆಯವರು.”

ಮೂಲೆಯಲ್ಲಿ ಬ್ರಿಜಿದಾ ಅಜ್ಜಿ ಕೂತಿದ್ದಳು. ಊರಿಗೆಲ್ಲ ಹಿರಿಯಳು. ಕಣ್ಣು ಹೋಗಿ ಬಹಳ ಕಾಲವಾಗಿತ್ತು, ಕಿವಿಗೂ ಹತ್ತಿರದ ಗಟ್ಟಿ ಮಾತಷ್ಟೇ ಕೇಳಿಸುತ್ತಿತ್ತು. ನಿಕೊಲಾಸಾಳಿಗೆ ಹಾಡು ಕಲಿಸಿದವಳು ಅವಳೇ.

“ಹೌದಪ್ಪ, ಒಂದೇ ಮನೆ,” ಎಂದಳು ಅಜ್ಜಿ. “ನಿಮ್ಮ ಮುತ್ತಾತ ನಮ್ಮಜ್ಜಿಯ ಅಜ್ಜಿಗೆ ಆ ಹೆಸರು ಇಟ್ಟಿದ್ದು ಕಾದ ಕಬ್ಬಿಣದಲ್ಲಿ. ಹೆಗಲ ಮೇಲೆ. ಚರ್ಮ ಸುಟ್ಟ ವಾಸನೆ ಚಿನ್ನದ ಗಣಿಯವರೆಗೂ ಹೋಗ್ತಿತ್ತಂತೆ.”

ದೊನ್ ರೊದೋಲ್ಫೊಗೆ ಸಿಟ್ಟು ಬರಲಿಲ್ಲ. ನಕ್ಕ. ಅಜ್ಜಿಯ ನೆನಪಿನ ಶಕ್ತಿ ದೊಡ್ಡದು ಎಂದ. ಇದನ್ನೂ ಕಾರ್ಯಕ್ರಮದಲ್ಲಿ ಸೇರಿಸಬಹುದಲ್ಲ ಎಂದು ಕಮಿಲಾಳನ್ನು ಕೇಳಿದ. ಅಂಥವರನ್ನು ಬೈದು ಏನು ಪ್ರಯೋಜನ. ಬೈಗುಳವನ್ನೂ ಕೊಂಡುಕೊಂಡು ಹೋಗುತ್ತಾರೆ.

ನಿಕೊಲಾಸಾ ಅವನಿಗೆ ನೇರವಾಗಿ ಹೇಳಿದಳು. ಕೊನೆಯ ಕಂಬ ಒಡೆಸಿ, ನನ್ನ ಮಗನನ್ನು ಕೊಡಿ, ಅವನ ಮುಂದೆ ಹಾಡುತ್ತೇನೆ, ಬೇಕಾದರೆ ನೀವೂ ಬಂದು ಕೂತು ಕೇಳಿ ಎಂದಳು. ಅವನ ನಗು ನಿಂತಿತು. ಕೆಲಸ ಬಿಟ್ಟು ಓಡಿಹೋದವರ ಲೆಕ್ಕ ಕಂಪನಿಯ ತಲೆಗೆ ಕಟ್ಟಬಾರದು ಎಂದ. ಸತ್ತಿದ್ದಾನೆಂದರೆ ಹೆಣ ತೋರಿಸಬೇಕಲ್ಲ ಎಂದ.

ಅವನು ಹೋದ ಮೇಲೆ ಬ್ರಿಜಿದಾ ಅಜ್ಜಿ ನಿಕೊಲಾಸಾಳ ಕೈ ತಡಕಿ ಹಿಡಿದಳು. ಆಮೇಲೆ ಅಂದಳು, ಹಿಂದೆಯೂ ಹೀಗೇ ಕೇಳುತ್ತಿದ್ದರಂತೆ. ಗಣಿಯಲ್ಲಿ ಒಬ್ಬ ಸತ್ತರೆ ಧಣಿಯ ಕಡೆಯವನು ಬಂದು ಹೆಣ ತೋರಿಸಿ ಎನ್ನುತ್ತಿದ್ದ. ಸತ್ತಿದ್ದಾನೋ ತಪ್ಪಿಸಿಕೊಂಡಿದ್ದಾನೋ ನೋಡಬೇಕಲ್ಲ. ಕೋಲಿನಿಂದ ತಿವಿದು ನೋಡುತ್ತಿದ್ದ. ನೋಡಿಕೊಂಡು ಅವನು ಹೋದ ಮೇಲೆಯೇ ನಮ್ಮವರು ಹಾಡಲು ಕೂರುತ್ತಿದ್ದುದು. ದುಡಿದ ಚಿನ್ನ ಧಣಿಯದು, ದುಡಿದ ಮೈ ಅವನದು, ಹುಟ್ಟಿದ ಮಗು ಅವನದು. ಹಾಡಿನ ಹೊತ್ತಿಗೆ ಮಾತ್ರ ಅವನು ಇರುತ್ತಿರಲಿಲ್ಲ.

ಮರುದಿನ ನೀರು ಇಳಿದಾಗ ಹೆಂಗಸರು ದೋಣಿ ನೂಕಿಕೊಂಡು ಹೋದರು. ಕಾಂಡ್ಲಾ ಕಾಡಿನ ಹಿನ್ನೀರಿಗೆ ತಿರುಗುವ ಬಾಯಲ್ಲಿ ದಪ್ಪ ಕಬ್ಬಿಣದ ಸರಪಳಿ. ಈ ದಡದಿಂದ ಆ ದಡಕ್ಕೆ. ಪಕ್ಕದಲ್ಲಿ ಬಂದೂಕಿನ ಕಾವಲುಗಾರ. ಉದ್ಘಾಟನೆ ಮುಗಿಯುವವರೆಗೆ ಸುರಕ್ಷತೆಗಾಗಿ ಎಂದ. ಆಮೇಲೆ ತೆಗೆಯುತ್ತಾರಾ ಎಂದು ಸಿಲ್ವೆರಿಯಾ ಕೇಳಿದಳು. ಅದು ನಿಮ್ಮ ಹಾಡಿನ ಮೇಲೆ ಎಂದು ಅವನು ನಕ್ಕ. ಅವನೂ ಕರಿಯನೇ, ಮೇಲಿನ ಹೊಳೆಯ ಕಡೆಯವನು. ನಗುವಾಗ ಕಣ್ಣು ತಪ್ಪಿಸಿದ.

ಕಾಡಿಲ್ಲದೆ ಕಪ್ಪೆಚಿಪ್ಪಿಲ್ಲ. ಕಪ್ಪೆಚಿಪ್ಪಿಲ್ಲದೆ ಒಲೆ ಉರಿಯುವುದಿಲ್ಲ. ಹೆಂಗಸರು ತೆರೆದ ಸಮುದ್ರದ ಕಡೆಯಿಂದ ಸುತ್ತಿ ಹೋಗಲು ನೋಡಿದರು. ಪಾತಿದೋಣಿ ಅಲೆಗೆ ತಾಳಲಿಲ್ಲ. ಒಬ್ಬಳು ಸಾಯುವುದರಲ್ಲಿದ್ದಳು. ಮಕ್ಕಳು ಹಸಿ ಬಾಳೆಕಾಯಿ ಬೇಯಿಸಿದ ನೀರು ಕುಡಿದು ಮಲಗತೊಡಗಿದವು. ನಿಕೊಲಾಸಾಳಿಗೆ ಯಾರೂ ಒಂದು ಮಾತು ಅನ್ನಲಿಲ್ಲ. ಅನ್ನದಿದ್ದುದೇ ಅವಳಿಗೆ ಹೆಚ್ಚು ಚುಚ್ಚಿತು. ಅವಳು ನೀರಿಗೆ ಹೋದರೆ ಮಾತಾಡುತ್ತಿದ್ದವರು ನಿಲ್ಲಿಸುವರು.

ಕಡೆಗೆ ಸಿಲ್ವೆರಿಯಾ ಬಂದಳು. ಕಂಕುಳಲ್ಲಿ ಕೊನೆಯ ಮಗು. ಏಣಿ ಹತ್ತಿ ಒಳಗೆ ಬಂದು ನೆಲದ ಮೇಲೆ ಕೂತಳು. ಯಾವಾಗಲೂ ಏನಾದರೊಂದು ಚೇಷ್ಟೆಯ ಮಾತಿನಿಂದ ಶುರುಮಾಡುವವಳು ಆ ದಿನ ಸುಮ್ಮನೆ ಮಗುವಿನ ಬೆನ್ನು ತಟ್ಟುತ್ತಿದ್ದಳು.

“ನಿನ್ನ ಮಗ ಸತ್ತಿಲ್ಲ ಅಂತ ನೀನು ಹಾಡಲ್ಲ. ನನ್ನವು ಸಾಯೋವರೆಗೂ ಹಾಡಲ್ವೇನಕ್ಕ?”

ಹೇಳಿದವಳೇ ತನ್ನ ಬಾಯಿ ಮೇಲೆ ತಾನೇ ಹೊಡೆದುಕೊಂಡಳು. ಇಬ್ಬರೂ ಅತ್ತರು. ಮಗುವೂ ಅತ್ತಿತು. ನಿಕೊಲಾಸಾ ಬರುತ್ತೇನೆ ಎಂದಳು. ಹಾಡುತ್ತೇನೆ ಎನ್ನಲಿಲ್ಲ. ಸಿಲ್ವೆರಿಯಾ ಅದನ್ನು ಕೇಳಲೂ ಇಲ್ಲ.

ಬರುತ್ತೇನೆ ಎಂದ ಮೇಲೆ ನಿಕೊಲಾಸಾಳಿಗೆ ಒಂದು ಯೋಚನೆ ಹತ್ತಿತು. ಧಕ್ಕೆಯ ಮೇಲೆ ಮಂಟಪ ಎಂದರೆ ಎವೆಲಿಯೊನ ನೆತ್ತಿಯ ಮೇಲೆ ಮಂಟಪ. ಅವನ ಸೂತಕ ಅಲ್ಲೇ ಕಳೆಯಬಹುದಲ್ಲವೇ. ಆ ಜನ ತಮ್ಮ ಪಾಡಿಗೆ ತಾವು ಕೇಳಿಕೊಳ್ಳಲಿ, ತಾನು ತನ್ನ ಮಗನಿಗೆ ಹಾಡಬಹುದು. ದೀಪ ಆರಿಸಿಬಿಟ್ಟರೆ ಸಾಕು. ಅವನು ಎದ್ದು ಹೋಗುತ್ತಾನೆ. ಹಾಗೆ ಯೋಚಿಸಿದಾಗ ಎದೆ ಹಗುರಾಯಿತು. ಹಗುರಾದದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಮಗ ಸತ್ತಿದ್ದಾನೆಂದು ಒಪ್ಪಿಕೊಂಡೆನಲ್ಲ ಎಂದು ಗೋಡೆಗೆ ಹಣೆ ಚಚ್ಚಿಕೊಂಡಳು.

ಉದ್ಘಾಟನೆಯ ಸಂಜೆ ಹೆಂಗಸರನ್ನು ಮೋಟಾರು ದೋಣಿಯಲ್ಲಿ ಕರೆದೊಯ್ದರು. ಉಟ್ಟ ಬಟ್ಟೆ ಬಿಚ್ಚಿಸಿ, ಸುಕ್ಕುಸುಕ್ಕಿನ ಬಿಳಿ ಲಂಗ, ತಲೆಗೆ ಬಣ್ಣದ ವಸ್ತ್ರ ಕೊಟ್ಟರು. ಚಪ್ಪಲಿ ತೆಗೆಯಿರಿ, ಬರಿಗಾಲಲ್ಲೇ ಚೆನ್ನ ಎಂದರು. ಗುಲಾಮಗಿರಿಯ ಕಾಲದಲ್ಲಿ ಚಪ್ಪಲಿ ಇರಲಿಲ್ಲವಲ್ಲ ಎಂದು ಒಬ್ಬ ಹುಡುಗ ವಿವರಿಸಿದ. ನಮ್ಮಲ್ಲಿ ಈಗಲೂ ಇಲ್ಲ ಎಂದಳು ಸಿಲ್ವೆರಿಯಾ, ಇವು ನಿನ್ನೆ ಕಮಿಲಾ ಕಳಿಸಿದ್ದು.

ವೇದಿಕೆ ಧಕ್ಕೆಯ ತುದಿಗೆ, ಸರಿಯಾಗಿ ಕೊನೆಯ ಕಂಬದ ಮೇಲೆ. ಮಂಟಪ ಥರ್ಮಕೋಲಿನದು. ನೆತ್ತಿಯ ಚಿಟ್ಟೆಗೆ ಮಿಂಚು ಅಂಟಿಸಿದ್ದರು. ಎದುರಿಗೆ ಬಿಳಿ ಹೊದಿಕೆಯ ಮೇಜು, ಗಾಜಿನ ಲೋಟ, ಬೇಯಿಸಿದ ಕಪ್ಪೆಚಿಪ್ಪಿನ ತಟ್ಟೆ. ಸರಪಳಿಯೊಳಗಿನ ಕಾಡಿನದೇ ಇರಬೇಕು. ಎಡಕ್ಕೂ ಬಲಕ್ಕೂ ಒಂಟಿ ಕಂಬದ ಮೇಲೆ ನಿಲ್ಲಿಸಿದ ಧ್ವನಿವರ್ಧಕ. ದೀಪ ಆರಿಸುತ್ತೀರಾ ಎಂದು ನಿಕೊಲಾಸಾ ಕಮಿಲಾಳನ್ನು ಕೇಳಿದಳು. ಕೊನೆಯಲ್ಲಿ ಒಂದೇ ಗಳಿಗೆ, ಕತ್ತಲಾಗಬೇಕು. ಕಮಿಲಾ ದೀಪದವನ ಹತ್ತಿರ ಹೋಗಿ ಬಂದಳು. ಟಿ.ವಿ.ಯವರು ಬಂದಿದ್ದಾರೆ ಅಮ್ಮ, ಕತ್ತಲು ಮಾಡಿದರೆ ಏನೂ ಕಾಣುವುದಿಲ್ಲವಂತೆ, ನೀಲಿ ದೀಪ ಹಾಕುತ್ತಾರಂತೆ ಎಂದಳು.

ನಿಕೊಲಾಸಾ ಮಂಟಪದ ಮುಂದೆ ನಿಂತಳು. ಹೆಂಗಸರು ಹಿಂದೆ. ಬ್ರಿಜಿದಾ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಪಾದದ ಕೆಳಗೆ ಕಾಂಕ್ರೀಟು ಇನ್ನೂ ಬಿಸಿಲಿನ ಕಾವು ಹಿಡಿದಿತ್ತು. ಮೈಯ ಬಿಸಿಯ ಹಾಗೇ ಇತ್ತು. ಆ ಬಿಸಿ ಅಂಗಾಲಿಗೆ ತಾಗಿದಾಗ ಅವಳಿಗೆ ತಿಳಿಯಿತು, ಹಾಡಿದರೆ ಅವನು ಏಳುತ್ತಾನೆ. ಅವ್ವನ ದನಿ ಎಂದು ಎದ್ದೇ ಏಳುತ್ತಾನೆ. ಎದ್ದು ಎಲ್ಲಿಗೆ ಹೋಗಬೇಕು? ಕತ್ತಲಿಲ್ಲ. ಬಾಗಿಲಿಲ್ಲ. ಎದುರಿಗೆ ಮೇಜು ಹಾಕಿಕೊಂಡು ಕೂತಿದ್ದಾರೆ, ಅವನನ್ನು ಹೂತವರು. ಅವರ ಊಟದ ನಡುವೆ ನಿಂತು ದಿಕ್ಕುಗೆಡುತ್ತಾನೆ.

ಹೆಂಗಸರು ಅವಳು ಎತ್ತಲಿ ಎಂದು ಕಾದರು. ಜನ ಕಾದರು. ನಿಕೊಲಾಸಾ ಮೈಕಿನ ಹತ್ತಿರ ಬಾಯಿ ತಂದಳು.

“ಹಾಡಲ್ಲ. ನನ್ನ ಮಗನ ಮೇಲೆ ಕೂತು ಉಣ್ತಿದ್ದೀರಿ. ಎದ್ದೇಳಿ.”

ಎರಡನೆಯ ಮಾತಿಗೆ ಮೈಕು ನಿಂತುಹೋಗಿತ್ತು. ಎದ್ದೇಳಿ ಎಂದದ್ದು ಮೊದಲ ಸಾಲಿನವರಿಗೂ ಕೇಳಿಸಲಿಲ್ಲ. ಅಜ್ಜಿಗೆ ಮೊದಲೇ ಕಿವಿ ಮಂದ, ಅವಳಿಗೆ ಏನೂ ಕೇಳಿಸಲಿಲ್ಲ. ದೊನ್ ರೊದೋಲ್ಫೊ ತಿರುಗಿ ಕಮಿಲಾಳನ್ನು ನೋಡಿದ. ಬರೀ ನೋಡಿದ. ಕಮಿಲಾ ಯಂತ್ರದ ಹತ್ತಿರ ಹೋದಳು. ಹೋಗುವಾಗ ಎರಡು ಸಲ ನಿಂತಳು ಎಂದು ಆಮೇಲೆ ಸಿಲ್ವೆರಿಯಾ ಹೇಳಿದಳು. ನಿಂತರೇನು, ಹೋದಳಲ್ಲ.

ಒಂಟಿ ಕಾಲಿನ ಮೇಲೆ ನಿಂತ ಪೆಟ್ಟಿಗೆಗಳಿಂದ ನಿಕೊಲಾಸಾಳ ದನಿ ಬಂತು.

ಕ್ಲಿಮಾಕೊನ ಸೂತಕದ ಕೊನೆಯ ರಾತ್ರಿ ಅವಳು ಎತ್ತಿದ, ಕಮಿಲಾ ಯಂತ್ರದಲ್ಲಿ ಹಿಡಿದುಕೊಂಡ ಅಲಬಾವೊ. ಎದ್ದೇಳು ಜೀವವೇ, ಮನೆ ಬಿಡುವ ಹೊತ್ತಾಯ್ತು ಎಂಬ ಹಾಡು. ಗಂಡನಿಗಾಗಿ ಒಡೆದಿದ್ದ ಗಂಟಲು. ಅದು ಹೊಳೆಯ ಮೇಲೆ, ಕಾಡಿನ ಮೇಲೆ ಹರಡಿತು. ಮನುಷ್ಯರ ಗಂಟಲಿಗೆ ಅಷ್ಟು ದೊಡ್ಡ ದನಿ ಇರುವುದಿಲ್ಲ. ಹೆಂಗಸರು ನಿಕೊಲಾಸಾಳ ಬಾಯಿ ನೋಡಿದರು. ಮುಚ್ಚಿತ್ತು.

ಬ್ರಿಜಿದಾ ಅಜ್ಜಿಗೆ ಬಾಯಿ ಕಾಣುತ್ತಿರಲಿಲ್ಲ. ನಿಕೊಲಾಸಾ ಕಡೆಗೂ ಮಗನಿಗಾಗಿ ಎತ್ತಿದಳು ಎಂದೇ ಅವಳು ತಿಳಿದಳು. ಎತ್ತಿದ ಹಾಡನ್ನು ಬಿಡಬಾರದು. ಮುದುಕಿ ಓಗೊಟ್ಟಳು. ಒಬ್ಬಳು ಓಗೊಟ್ಟ ಮೇಲೆ ಉಳಿದವರ ಗಂಟಲು ಅವರ ಮಾತು ಕೇಳಲಿಲ್ಲ. ಸಿಲ್ವೆರಿಯಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಬೆರಳ ಸಂದಿಯಿಂದಲೂ ಹಾಡು ಹೊರಗೆ ಬಂತು.

ನಿಕೊಲಾಸಾ ನೆಲಕ್ಕೆ ಬಿದ್ದಳು. ಕಾಂಕ್ರೀಟಿಗೆ ಬಾಯಿ ಹಚ್ಚಿದಳು. ಅಂಗೈಯಿಂದ ಬಡಿದಳು.

“ಓಗೊಡಬೇಡ ಮಗಾ. ಅದು ನಾನಲ್ಲ ಕಣೋ. ಕಾಲು ನೋಡು. ಎವೆಲಿಯೊ, ಕಾಲು ನೋಡೋ.”

ಅವಳ ದನಿ ಅವಳದೇ ದನಿಯ ಕೆಳಗೆ ಮುಳುಗಿಹೋಯಿತು. ಅವಳು ಬಡಿಯುತ್ತಿದ್ದಳು. ಕೈ ಒಡೆಯಿತು. ನೀಲಿ ದೀಪದಲ್ಲಿ ರಕ್ತ ಕಪ್ಪಾಗಿ ಕಂಡಿತು. ಹಾಡು ಮುಗಿಯಿತು. ಮೇಜಿನ ಮುಂದಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸೂತಕದಲ್ಲಿ ಚಪ್ಪಾಳೆ. ಕೆಲವರು ಕಣ್ಣೊರೆಸಿಕೊಂಡರು. ನೆಲ ಬಡಿದ ಹೆಂಗಸು ಅದ್ಭುತವಾಗಿ ಮಾಡಿದಳು, ಇದು ಆಫ್ರಿಕಾದ ಪದ್ಧತಿಯಿರಬೇಕು ಎಂದು ಟಿ.ವಿ.ಯವನು ಹೇಳಿದ. ಅವಳನ್ನು ಎತ್ತಿಕೊಂಡು ಹೋಗಲು ಬಂದವನು ಸರಪಳಿಯ ಕಾವಲುಗಾರನೇ. ಅವನೂ ಓಗೊಟ್ಟಿದ್ದ. ಅವನ ಕೆನ್ನೆ ಒದ್ದೆಯಾಗಿತ್ತು. ಎತ್ತಿಕೊಂಡು ಹೋದ.

ಸರಪಳಿ ತೆಗೆಯಲಿಲ್ಲ. ಕಂಪನಿಗೆ ಇನ್ನು ಹೆಂಗಸರು ಬೇಕಾಗಿರಲಿಲ್ಲ. ದನಿ ಸಿಕ್ಕಿತ್ತು. ಸಿಲ್ವೆರಿಯಾ ಮಕ್ಕಳನ್ನು ಬ್ರಿಜಿದಾ ಅಜ್ಜಿಯ ಹತ್ತಿರ ಬಿಟ್ಟು ಕಾಲಿ ಎಂಬ ದೊಡ್ಡ ಪಟ್ಟಣದ ಒಂದು ಮನೆಗೆ ಪಾತ್ರೆ ತೊಳೆಯಲು ಹೋದಳು. ಹೋಗುವ ದಿನವೂ ಚೇಷ್ಟೆಯ ಮಾತಾಡಲಿಲ್ಲ. ಅಜ್ಜಿಗೆ ಆ ಸಂಜೆ ಏನಾಯಿತೆಂದು ಯಾರೂ ಹೇಳಲಿಲ್ಲ. ನಿಕೊಲಾಸಾಳ ಮಗನನ್ನು ಚೆನ್ನಾಗಿ ಕಳಿಸಿಕೊಟ್ಟೆವು ಎಂದು ಅವಳು ಈಗಲೂ ಎಲ್ಲರಿಗೂ ಹೇಳುತ್ತಾಳೆ.

ಪ್ರವಾಸಿಗರ ಹಡಗು ಧಕ್ಕೆಗೆ ಬರತೊಡಗಿತು. ಪ್ರತಿ ಸಂಜೆ ಅದು ಹತ್ತಿರವಾದಾಗ ಕಂಪನಿಯವರು ಪೆಟ್ಟಿಗೆ ಹಚ್ಚುತ್ತಾರೆ. ಎದ್ದೇಳು ಜೀವವೇ. ಅದೇ ದನಿ, ಅದೇ ಒಡೆದ ಗಂಟಲು. ತಿಂಬಿರಿಯ ಹೆಂಗಸರು ಮನೆಯೊಳಗೆ ಕಿವಿಗೆ ಬಟ್ಟೆ ತುರುಕಿಕೊಳ್ಳುತ್ತಾರೆ. ಓಗೊಟ್ಟರೆ ತುಂದಾಳಿಗೆ ಓಗೊಟ್ಟ ಹಾಗೆ. ಓಗೊಡದಿದ್ದರೆ ಆ ಹುಡುಗ ಹೊಸಿಲಲ್ಲೇ ನಿಂತ ಹಾಗೆ. ಏನು ಮಾಡಬೇಕೆಂದು ಹೇಳುವವರು ಯಾರೂ ಇಲ್ಲ. ಇಂಥದ್ದು ಹಿಂದೆ ಯಾರಿಗೂ ಆದದ್ದಿಲ್ಲ.

ನಿಕೊಲಾಸಾ ಹಡಗಿಗೆ ಮುಂಚೆ ಪಾತಿದೋಣಿ ಬಿಡುತ್ತಾಳೆ. ಧಕ್ಕೆಯ ಕೆಳಗೆ, ನೆರಳಲ್ಲಿ, ಕೊನೆಯ ಕಂಬದ ಹತ್ತಿರ ಹೋಗುತ್ತಾಳೆ. ಕಂಬಕ್ಕೆ ಆಗಲೇ ಕಪ್ಪೆಚಿಪ್ಪು ಹತ್ತಿದೆ. ಅವಳು ಅದನ್ನು ಕೀಳುವುದಿಲ್ಲ. ಕಾವಲುಗಾರ ಮೇಲಿನಿಂದ ನೋಡಿ, ನೋಡದವನ ಹಾಗೆ ಆ ಕಡೆ ತಿರುಗುತ್ತಾನೆ. ಮೇಲೆ ಅವಳ ದನಿ ಶುರುವಾಗುತ್ತದೆ. ಅವಳು ದೋಣಿಯ ಹುಟ್ಟುಗೋಲಿನಿಂದ ಕಂಬವನ್ನು ಕುಟ್ಟುತ್ತಾಳೆ. ಅದು ನಾನಲ್ಲ ಕಣೋ ಎನ್ನುತ್ತಾಳೆ. ಮೇಲಿನ ಗದ್ದಲದಲ್ಲಿ ಅವಳಿಗೇ ಅದು ಕೇಳಿಸುವುದಿಲ್ಲ.

ಆಗ ಲಂಗ ಮೊಳಕಾಲಿಗೆ ಎತ್ತಿ, ದೋಣಿಯ ಅಂಚಿನ ಮೇಲೆ ಎರಡೂ ಕಾಲು ಹೊರಗೆ ಚಾಚುತ್ತಾಳೆ. ಕಂಬದ ಕಡೆಗೆ. ಒಡೆದ ಹಿಮ್ಮಡಿ, ಕರೀ ಗೆರೆ, ಅರ್ಧ ಹೆಬ್ಬೆಟ್ಟು. ಹಾಡು ಮುಗಿಯುವವರೆಗೆ, ಮೇಲೆ ಚಪ್ಪಾಳೆ ಮುಗಿಯುವವರೆಗೆ, ಹಾಗೇ ಚಾಚಿಕೊಂಡು ಕೂತಿರುತ್ತಾಳೆ.